ಪಶುವೈದ್ಯರ ಉತ್ತರ: ಬೆಕ್ಕಿನ ಕಾಯಿಲೆಯನ್ನು ಹೊತ್ತು ಮೀರುವ ಮುನ್ನ ಗುರುತಿಸುವುದು

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಗಂಡು ಬೆಕ್ಕು ಮರಳಿನ ತಟ್ಟೆಗೆ ಪದೇ ಪದೇ ಹೋಗಿ ತಿಣುಕುತ್ತಿತ್ತು. ಮಲಬದ್ಧತೆ ಇರಬಹುದೆಂದು ಹರಳೆಣ್ಣೆ ಕುಡಿಸಿದೆವು. ಮರುದಿನ ವಾಂತಿ ಮಾಡಿ ಮಲಗಿಬಿಟ್ಟಿತು. ಆಸ್ಪತ್ರೆಗೆ ಒಯ್ದಾಗ ಮೂತ್ರ ಕಟ್ಟಿದೆಯೆಂದು ಹೇಳಿ, ಕೊಳವೆ ಹಾಕಿ ಉಳಿಸಿಕೊಟ್ಟರು. ಇದು ಮತ್ತೆ ಬರುತ್ತದೆಯೇ? ಮೊದಲೇ ತಿಳಿಯುವ ಬಗೆ ಯಾವುದು?
(ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಬೆಕ್ಕು ಉಳಿದದ್ದು ಸಂತೋಷದ ಸಂಗತಿ, ಏಕೆಂದರೆ ಮೂತ್ರ ಪೂರ್ತಿ ಕಟ್ಟಿದ ಬೆಕ್ಕು ಒಂದರಿಂದ ಮೂರು ದಿನಗಳೊಳಗೆ ಸಾಯಬಹುದು. ಗಂಡು ಬೆಕ್ಕಿನ ಮೂತ್ರನಾಳ ಉದ್ದವಾಗಿಯೂ ಬಹಳ ಕಿರಿದಾಗಿಯೂ ಇರುವುದರಿಂದ, ಲೋಳೆ ಮತ್ತು ಸಣ್ಣ ಹರಳುಗಳು ಸೇರಿ ಅಲ್ಲಿ ಬಿರಡೆಯಂತೆ ಕುಳಿತುಕೊಳ್ಳುತ್ತವೆ. ಮೂತ್ರ ಹೊರಹೋಗದಿದ್ದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ; ಹೃದಯದ ಬಡಿತ ನಿಧಾನವಾಗುತ್ತ ಬಂದು ಕೊನೆಗೆ ನಿಂತೇಹೋಗುತ್ತದೆ. ವಾಂತಿಯೂ ಮಂಕುತನವೂ ಕಾಣಿಸಿಕೊಂಡವೆಂದರೆ ವಿಷ ಆಗಲೇ ಮೈಗೇರಿದೆ ಎಂದು ತಿಳಿಯಬೇಕು.

ಮಲಕ್ಕೆ ತಿಣುಕುವುದೂ ಮೂತ್ರಕ್ಕೆ ತಿಣುಕುವುದೂ ನೋಡಲು ಒಂದೇ ಬಗೆಯಾಗಿರುವುದರಿಂದ ಈ ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ಆದ್ದರಿಂದ ಬೆಕ್ಕಿನ ಭಂಗಿಯನ್ನು ನೋಡುವ ಬದಲು ತಟ್ಟೆಯನ್ನು ನೋಡಿ: ಮರಳಿನಲ್ಲಿ ಎಂದಿನಷ್ಟು ಒದ್ದೆಯ ಉಂಡೆಗಳಿವೆಯೇ, ಅಥವಾ ಬರೀ ಹನಿಗಳೇ, ರಕ್ತದ ಕಲೆಯೇ? ಗುಪ್ತಾಂಗವನ್ನು ಬಿಡದೆ ನೆಕ್ಕುವುದು, ತಟ್ಟೆಯಲ್ಲಿ ಕುಳಿತು ಕೂಗುವುದು, ಸ್ನಾನದ ಮನೆಯ ನೆಲದಲ್ಲಿ ಮೂತ್ರಕ್ಕೆ ಕೂರುವುದು ಇದೇ ಕಾಯಿಲೆಯ ಇತರ ಗುರುತುಗಳು. ಹೊಟ್ಟೆಯ ಕೆಳಭಾಗ ಗಟ್ಟಿಯಾಗಿದ್ದರೆ ಒತ್ತಿ ಮೂತ್ರ ಬರಿಸಲು ಹೋಗಬೇಡಿ, ಮೂತ್ರಚೀಲ ಒಡೆಯಬಹುದು. ಗಂಡು ಬೆಕ್ಕು ತಿಣುಕುತ್ತಿದ್ದು ಮೂತ್ರ ಬಾರದಿದ್ದರೆ ರಾತ್ರಿಯೇ ಆಗಿರಲಿ, ಬೆಳಗಾಗಲೆಂದು ಕಾಯದೆ ಹೊರಡಿ.

ಇದು ಮರುಕಳಿಸಬಹುದು. ಮೂತ್ರದಲ್ಲಿ ಯಾವ ಬಗೆಯ ಹರಳಿತ್ತೆಂದು ನಿಮ್ಮ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಸ್ಟ್ರುವೈಟ್ ಹರಳು ವಿಶೇಷ ಆಹಾರದಿಂದ ಕರಗುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್ ಕರಗುವುದಿಲ್ಲ. ಹೀಗಾಗಿ ಬೇರೆಯವರ ಬೆಕ್ಕಿಗೆ ಒಗ್ಗಿದ ಆಹಾರ ನಿಮ್ಮದಕ್ಕೆ ಒಗ್ಗಲೇಬೇಕೆಂದಿಲ್ಲ. ಎಷ್ಟೋ ಬೆಕ್ಕುಗಳಲ್ಲಿ ಹರಳಾಗಲಿ ಸೋಂಕಾಗಲಿ ಇಲ್ಲದೆ, ಮನೆ ಬದಲಾದ ಅಥವಾ ಹೊಸ ಪ್ರಾಣಿ ಬಂದ ಆತಂಕದಿಂದಲೇ ಮೂತ್ರಚೀಲ ಊದಿಕೊಳ್ಳುವುದುಂಟು. ಒಣ ಕಾಳಿನ ಜೊತೆಗೆ ನೀರಿನಂಶದ ಆಹಾರವನ್ನೂ ಕೊಡಿ, ನಾಲ್ಕಾರು ಕಡೆ ನೀರಿಡಿ, ಬೊಜ್ಜು ಬೆಳೆಯಲು ಬಿಡಬೇಡಿ. ಮನೆಯಲ್ಲಿ ಬೆಕ್ಕುಗಳೆಷ್ಟಿವೆಯೋ ಅದಕ್ಕಿಂತ ಒಂದು ತಟ್ಟೆ ಹೆಚ್ಚಿರಲಿ.

ಪ್ರಶ್ನೆ: ಬೆಕ್ಕಿಗೆ ಸೀನು, ಜ್ವರ, ಕಣ್ಣಲ್ಲಿ ಗೀಜು. ಎರಡು ದಿನದಿಂದ ಊಟ ಬಿಟ್ಟಿದೆ. ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಸ್ವಲ್ಪ ಕೊಡಬಹುದೇ?
(ಶಿರಸಿಯ ಓದುಗರು)

ಉತ್ತರ: ಒಂದು ಹನಿಯನ್ನೂ ಕೊಡಬೇಡಿ. ಈ ಔಷಧಿಯನ್ನು ನಿರಪಾಯಗೊಳಿಸಿ ಹೊರಹಾಕುವ ಕಿಣ್ವದ ಕ್ರಿಯೆ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. ಔಷಧಿ ರಕ್ತವನ್ನೇ ಕೆಡಿಸುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗಿ ಮುಖ ಊದುತ್ತದೆ, ಉಸಿರು ಏರುತ್ತದೆ. ದೊಡ್ಡವರ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಕೊಟ್ಟುಬಿಟ್ಟಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ, ಬೇಗ ಹೋದರೆ ಪ್ರತಿವಿಷವಿದೆ. ನಾಯಿಯ ಉಣ್ಣೆಗೆಂದು ಬೆನ್ನಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿಯೂ ಬೆಕ್ಕಿಗೆ ಇಷ್ಟೇ ಅಪಾಯಕಾರಿ.

ನೀವು ಬರೆದ ಲಕ್ಷಣಗಳು ಸಾಮಾನ್ಯವಾಗಿ ಹರ್ಪಿಸ್ ಅಥವಾ ಕ್ಯಾಲಿಸಿ ವೈರಾಣುವಿನ ನೆಗಡಿಯವು. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಹತ್ತುವುದಿಲ್ಲ, ವಾಸನೆ ಹತ್ತದಿದ್ದರೆ ಅದು ತಿನ್ನುವುದಿಲ್ಲ. ಬಿಸಿನೀರಿನ ಹಬೆ ತುಂಬಿದ ಸ್ನಾನದ ಮನೆಯಲ್ಲಿ ಹತ್ತು ನಿಮಿಷ ಕೂರಿಸಿ, ಒದ್ದೆ ಹತ್ತಿಯಿಂದ ಮೂಗು ಕಣ್ಣು ಒರೆಸಿ, ಮೀನನ್ನೋ ಕೋಳಿಯನ್ನೋ ಉಗುರುಬೆಚ್ಚಗೆ ಮಾಡಿ ಇಡಿ. ಆದರೆ ಎರಡು ದಿನ ಉಪವಾಸವಾಗಿದೆಯಾದ್ದರಿಂದ ಮನೆಯ ಉಪಚಾರ ಸಾಲದು. ತಿನ್ನುವುದು ನಿಂತ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವುದಕ್ಕೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಕಾಮಾಲೆಯಾಗುತ್ತದೆ. ಇಂದೇ ತೋರಿಸಿ. ಮನೆಯಲ್ಲಿ ಉಳಿದಿರುವ ಸ್ಟಿರಾಯ್ಡ್ ಕಣ್ಣಿನ ಹನಿಯನ್ನು ಹಾಕಬೇಡಿ, ಕಣ್ಣಲ್ಲಿ ಹುಣ್ಣಿದ್ದರೆ ಅದು ಉಲ್ಬಣಿಸುತ್ತದೆ.

ಪ್ರಶ್ನೆ: ವಾಂತಿ ಭೇದಿಯಾಗಿ ನಮ್ಮ ಎರಡೂ ಮರಿಗಳು ಸತ್ತವು. ಮಕ್ಕಳು ಇನ್ನೊಂದು ಮರಿ ಬೇಕೆನ್ನುತ್ತಿದ್ದಾರೆ.
(ಹಾಸನದ ಓದುಗರು)

ಉತ್ತರ: ಮಕ್ಕಳ ದುಃಖ ಅರ್ಥವಾಗುತ್ತದೆ, ಆದರೂ ಲಸಿಕೆಯಾಗದ ಮರಿಯನ್ನು ಈಗ ತರಬೇಡಿ. ಸಾವಿಗೆ ಪ್ಯಾನ್‌ಲ್ಯುಕೋಪೀನಿಯಾ ಎಂಬ ಅಂಟುರೋಗ ಕಾರಣವಾಗಿರುವ ಸಂಭವ ಹೆಚ್ಚು. ಕರುಳಿನ ಜೀವಕೋಶಗಳನ್ನೂ ರಕ್ತದ ಬಿಳಿಕಣಗಳನ್ನೂ ನಾಶಮಾಡುವ ಇದರ ಪಾರ್ವೊ ವೈರಾಣು ಮನೆಯ ಮೂಲೆ, ಬಟ್ಟೆ, ಬುಟ್ಟಿಗಳಲ್ಲಿ ವರ್ಷದವರೆಗೂ ಬದುಕಬಲ್ಲದು. ಸ್ಯಾನಿಟೈಸರ್‌ಗೆ ಇದು ಜಗ್ಗುವುದಿಲ್ಲ. ಫಿನಾಯಿಲ್ ಅಂತೂ ಬೆಕ್ಕಿಗೇ ವಿಷ. ನೆಲದ ಕೊಳೆಯನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ ಬಳಿದು, ಹತ್ತು ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಹಾಸಿಗೆ ಬುಟ್ಟಿಗಳನ್ನು ಎಸೆದುಬಿಡುವುದೇ ಲೇಸು.

ಮರಿಗೆ 6ರಿಂದ 8 ವಾರದಲ್ಲಿ ಮೊದಲ ಲಸಿಕೆ ಹಾಕಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಮುಂದುವರಿಸಬೇಕು. ಕೊನೆಯದು 16 ವಾರಕ್ಕಿಂತ ಮುಂಚೆ ಆಗಬಾರದು, ಏಕೆಂದರೆ ತಾಯಿಯಿಂದ ಬಂದ ರಕ್ಷಣೆ ಅಲ್ಲಿಯವರೆಗೆ ಲಸಿಕೆಗೆ ಅಡ್ಡ ಬರಬಹುದು. ಈ ಸರಣಿ ಮುಗಿದ ಬೆಕ್ಕನ್ನೇ ಮನೆಗೆ ತನ್ನಿ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿಗೆ ಮೊಸರನ್ನ ಹಾಲು ಸಾಕಲ್ಲವೇ?
(ಉಡುಪಿಯ ಓದುಗರು)

ಉತ್ತರ: ಸಾಲದು. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸ ಮೀನುಗಳಲ್ಲಿರುತ್ತದೆ. ಅದರ ಕೊರತೆಯಿಂದ ಹೃದಯ ಹಿಗ್ಗಿ ದುರ್ಬಲವಾಗುತ್ತದೆ, ದೃಷ್ಟಿಯೂ ಹೋಗುತ್ತದೆ. ಹೀಗೆ ಕಳೆದುಕೊಂಡ ದೃಷ್ಟಿ ಮರಳಿ ಬರುವುದಿಲ್ಲ. ಮನೆಯಲ್ಲಿ ಮಾಂಸ ಬೇಯಿಸಲಾಗದಿದ್ದರೆ, ಬೆಕ್ಕಿಗೆಂದೇ ತಯಾರಿಸಿದ ಸಂಪೂರ್ಣ ಆಹಾರವನ್ನು ಕೊಂಡು ಕೊಡಿ. ನಾಯಿಯ ಆಹಾರ ಇದಕ್ಕೆ ಬದಲಿಯಲ್ಲ.