ಹರ್-2 ‘2+’ ಮತ್ತು ಇ-ಕ್ಯಾಡ್ಹೆರಿನ್ ನಷ್ಟ: ರೋಗ ಹರಡಿದೆ ಎಂದರ್ಥವೇ?

ತಮ್ಮ ತಂದೆಯವರ ಜಠರದ ಬಯಾಪ್ಸಿ ವರದಿಯಲ್ಲಿ ‘ಹರ್-2: 2+’, ‘ಇ-ಕ್ಯಾಡ್ಹೆರಿನ್ ನಷ್ಟ’ ಎಂದಿರುವುದರಿಂದ ಕ್ಯಾನ್ಸರ್ ಈಗಾಗಲೇ ಹರಡಿದೆಯೇ ಎಂದು ಕೇಳಿದ್ದೀರಿ. ಈ ಎರಡು ಸಾಲುಗಳಿಂದಲೇ ಆ ತೀರ್ಮಾನಕ್ಕೆ ಬರಲಾಗದು.

ಇ-ಕ್ಯಾಡ್ಹೆರಿನ್ ಎಂಬುದು ಅಕ್ಕಪಕ್ಕದ ಜೀವಕೋಶಗಳನ್ನು ಗಾರೆಯಂತೆ ಹಿಡಿದಿಡುವ ಪ್ರೋಟೀನು. ಅದು ಇಲ್ಲವಾದಾಗ ಕೋಶಗಳು ಗುಂಪು ಬಿಟ್ಟು, ಬಿಡಿಬಿಡಿಯಾಗಿ ಜಠರದ ಗೋಡೆಯೊಳಗೆ ನುಸುಳುತ್ತವೆ. ‘ಡಿಫ್ಯೂಸ್’ ಬಗೆಯ ಕ್ಯಾನ್ಸರಿನಲ್ಲಿ ಇದು ಸಾಮಾನ್ಯವಾಗಿ ಕಾಣುವ ಲಕ್ಷಣ, ಮತ್ತು ಆ ಬಗೆಗೆ ಹೊಟ್ಟೆಯ ಒಳಪೊರೆಗೆ (ಜಠರದ ಒಳಪದರವಲ್ಲ, ಉದರದ ಒಳಗೋಡೆ ಮತ್ತು ಅಂಗಗಳನ್ನು ಹೊದ್ದಿರುವ ಪೆರಿಟೋನಿಯಂ) ಹರಡುವ ಒಲವು ಹೆಚ್ಚು. ಆದರೆ ಒಲವು ಬೇರೆ, ಹರಡಿರುವುದು ಬೇರೆ. ಎರಡನೆಯದನ್ನು ಸಿ.ಟಿ. ಸ್ಕ್ಯಾನ್ ಮಾಡಿ, ಅಗತ್ಯವಿದ್ದಲ್ಲಿ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ) ಕಣ್ಣಾರೆ ನೋಡಿಯೇ ಹೇಳಬೇಕು, ಏಕೆಂದರೆ ಒಳಪೊರೆಯ ಮೇಲಿನ ಸಣ್ಣ ಗಂಟುಗಳು ಸ್ಕ್ಯಾನಿನಲ್ಲಿ ತಪ್ಪಿಹೋಗುವುದುಂಟು. ಕುಟುಂಬದಲ್ಲಿ ಬೇರೆಯವರಿಗೂ ಈ ಕಾಯಿಲೆ ಬಂದಿದ್ದರೆ ಇ-ಕ್ಯಾಡ್ಹೆರಿನ್ ತಯಾರಿಸುವ ಸಿಡಿಎಚ್1 ಜೀನಿನ ಪರೀಕ್ಷೆಯ ಬಗ್ಗೆ ಅವಶ್ಯವಾಗಿ ವಿಚಾರಿಸಿ. ಅದರ ಆನುವಂಶಿಕ ದೋಷವನ್ನು 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ಮೊದಲು ಗುರುತಿಸಲಾಯಿತು.

ಹರ್-2 ಎಂಬುದು ಕೋಶಗಳಿಗೆ ಬೆಳೆಯುವ ಸೂಚನೆ ಕೊಡುವ ಪ್ರೋಟೀನು; ಅದು ಅತಿಯಾಗಿದೆಯೇ ಎಂಬ ಪ್ರಶ್ನೆಗೆ ‘2+’ ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಹರ್-2 ಜೀನಿನ ಪ್ರತಿಗಳು ಹೆಚ್ಚಿವೆಯೇ ಎಂದು ಎಣಿಸುವ ಫಿಶ್ ಪರೀಕ್ಷೆಯಾಗದೆ ಅದಕ್ಕೆ ಅರ್ಥವಿಲ್ಲ. ಜಠರದ ಗಡ್ಡೆಯಲ್ಲಿ ಈ ಪ್ರೋಟೀನು ಅಲ್ಲಲ್ಲಿ ಮಾತ್ರ ಇರಬಹುದಾದ್ದರಿಂದ ಬಯಾಪ್ಸಿಯಲ್ಲಿ ಎಷ್ಟು ತುಣುಕು ತೆಗೆದಿದ್ದಾರೆಂದೂ ಕೇಳಿ. ನನ್ನ ಅಭಿಪ್ರಾಯದಲ್ಲಿ ಇದು ಭವಿಷ್ಯ ಹೇಳುವ ಗುರುತಿಗಿಂತ ಔಷಧ ಆರಿಸುವ ಗುರುತು: ಟೋಗಾ ಅಧ್ಯಯನದಲ್ಲಿ (2010), ರೋಗ ಮುಂದುವರಿದಿದ್ದ ಹರ್-2 ಪಾಸಿಟಿವ್ ರೋಗಿಗಳಿಗೆ ಕೀಮೋ ಜೊತೆ ಹರ್-2 ಅನ್ನು ಗುರಿಯಾಗಿಸುವ ಔಷಧ ಟ್ರಾಸ್ಟುಜುಮಾಬ್ ಕೊಟ್ಟಾಗ ಮಧ್ಯಮ ಜೀವಿತಾವಧಿ 11.1 ತಿಂಗಳಿನಿಂದ 13.8ಕ್ಕೆ ಏರಿತು.

ವರದಿಯಲ್ಲಿ ಎಂಎಸ್‌ಐ (ಗಡ್ಡೆಯ ಕೋಶಗಳಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯೇ ಎಂದು ತಿಳಿಸುವ ಪರೀಕ್ಷೆ) ಫಲಿತಾಂಶ ಇಲ್ಲದಿದ್ದರೆ ಅದನ್ನೂ ಮಾಡಿಸಲು ಕೋರಿ. ಅದು ‘ಹೈ’ ಎಂದು ಬಂದರೆ ಮುನ್ಸೂಚನೆ ಸಾಮಾನ್ಯವಾಗಿ ಉತ್ತಮ, ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಇಮ್ಯುನೋಥೆರಪಿಯ ದಾರಿಯೂ ತೆರೆಯುತ್ತದೆ.