12 ವರ್ಷದ ಫಾಸ್ಟ್ ಬೌಲರ್ ಮಗನಿಗೆ ಅಪ್ಪ ಅಮ್ಮ ಏನು ಮಾಡಬೇಕು?

ಮಗ ಶಾಲೆಯ ತಂಡದಲ್ಲೂ ಅಕಾಡೆಮಿಯಲ್ಲೂ ಬೌಲಿಂಗ್ ಮಾಡುತ್ತಾನೆ, ಅಂಡರ್-14 ಆಯ್ಕೆಗೆ ತಯಾರಾಗಲು ಬೆಳಿಗ್ಗೆ ಪರ್ಸನಲ್ ಕೋಚಿಂಗ್ ಕೂಡ ಹಾಕಿಸಬೇಕೇ ಎಂದು ಕೇಳಿದ್ದೀರಿ. ಬೇಡ. ಈಗ ಅವನಿಗೆ ಬೇಕಿರುವುದು ಎಸೆದ ಚೆಂಡಿನ ಲೆಕ್ಕ ಇಡುವವರು.

ಪಿ.ಟಿ. ಮೇಷ್ಟ್ರಿಗೆ ಶಾಲೆಯ ಓವರುಗಳಷ್ಟೇ ಗೊತ್ತು, ಕೋಚ್‌ಗೆ ನೆಟ್ಸ್ ಅಭ್ಯಾಸದ್ದಷ್ಟೇ. ಸಂಜೆ ಬೀದಿಯಲ್ಲಿ ಟೆನಿಸ್ ಬಾಲ್‌ನಲ್ಲಿ ಹಾಕಿದ್ದು ಯಾರ ಲೆಕ್ಕದಲ್ಲೂ ಇಲ್ಲ. ಮೂರನ್ನೂ ಕೂಡಿಸಿ ನೋಡಬಲ್ಲವರು ನೀವೊಬ್ಬರೇ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಎಲ್ಲಿ, ಎಷ್ಟು ಚೆಂಡು, ಮರುದಿನ ಬೆನ್ನು ಹೇಗಿತ್ತು ಎಂದು ಬರೆದಿಡಿ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಈ ವಯಸ್ಸಿನ ವೇಗದ ಬೌಲರುಗಳಿಗೆ ಬಹುಕಾಲ ಇಟ್ಟಿದ್ದ ಮಿತಿ ಒಳ್ಳೆಯ ಅಳತೆ: ಒಂದು ಸ್ಪೆಲ್‌ಗೆ (ಬಿಡುವಿಲ್ಲದೆ ಹಾಕುವ ಒಂದು ಸರದಿಗೆ) 5 ಓವರ್, ದಿನಕ್ಕೆ 10, ನೆಟ್ಸ್‌ನಲ್ಲಿ ಒಂದು ಸಲಕ್ಕೆ 30 ಚೆಂಡು. ಸತತ ಎರಡು ದಿನ ಹಾಕಿದರೆ ಮೂರನೆಯ ದಿನ ಬೌಲಿಂಗ್ ಇಲ್ಲ. ಮಿತಿ ಮುಟ್ಟಿದ ದಿನ ಕೋಚ್‌ಗೆ ನೇರವಾಗಿ ಹೇಳಿ: "ಸರ್, ಬೆಳಿಗ್ಗೆ ಮ್ಯಾಚ್‌ನಲ್ಲಿ 10 ಓವರ್ ಹಾಕಿದ್ದಾನೆ, ಇವತ್ತು ಬ್ಯಾಟಿಂಗ್, ಫೀಲ್ಡಿಂಗ್ ಮಾಡಿಸಿ." ಒಳ್ಳೆಯ ಕೋಚ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಷ್ಟು ಬಿಗಿ ಯಾಕೆಂದರೆ ಸೊಂಟದ ಹತ್ತಿರದ ಬೆನ್ನುಮೂಳೆ ಪೂರ್ತಿ ಗಟ್ಟಿಯಾಗುವುದು ಇಪ್ಪತ್ತು ದಾಟಿದ ಮೇಲೆ. ಚೆಂಡು ಬಿಡುವಾಗ ಬೆನ್ನು ಹಿಂದಕ್ಕೂ ಪಕ್ಕಕ್ಕೂ ಒಟ್ಟಿಗೇ ಬಾಗುತ್ತದೆ, ಮುಂಗಾಲು ನೆಲಕ್ಕೆ ಅಪ್ಪಳಿಸಿದ ಪೆಟ್ಟು ಅಲ್ಲಿಗೇ ಬರುತ್ತದೆ. ವಿಶ್ರಾಂತಿ ಸಿಗದಿದ್ದರೆ ಕೂದಲೆಳೆಯಂಥ ಬಿರುಕು. ನಮ್ಮ ಕರ್ನಾಟಕದ ವೇಗಿ ಪ್ರಸಿದ್ಧ್ ಕೃಷ್ಣ 2023ರ ಐಪಿಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಾಗದೆ ಹೋದದ್ದು ಇಂಥದ್ದೇ ಸ್ಟ್ರೆಸ್ ಫ್ರಾಕ್ಚರ್‌ನಿಂದ. ಬಲಗೈ ಬೌಲರ್‌ಗೆ ನೋವು ಸಾಮಾನ್ಯವಾಗಿ ಸೊಂಟದ ಎಡಭಾಗದಲ್ಲಿ ಶುರುವಾಗುತ್ತದೆ, ಹಿಂದಕ್ಕೆ ಬಾಗಿದರೆ ಜಾಸ್ತಿಯಾಗುತ್ತದೆ. ಹಾಗಿದ್ದರೆ ಮುಲಾಮು ಹಚ್ಚಿ ಆಡಿಸಬೇಡಿ. ಬೌಲಿಂಗ್ ನಿಲ್ಲಿಸಿ ಸ್ಪೋರ್ಟ್ಸ್ ಮೆಡಿಸಿನ್ ಅಥವಾ ಮೂಳೆ ಡಾಕ್ಟರಿಗೆ ತೋರಿಸಿ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂಆರ್‌ಐನಲ್ಲಿ ಸಿಗುತ್ತದೆ.

ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕಿ. ಸರಸರನೆ ಉದ್ದವಾಗುತ್ತಿರುವ ತಿಂಗಳುಗಳಲ್ಲಿ ಚೆಂಡಿನ ಲೆಕ್ಕ ಇನ್ನೂ ಇಳಿಸಿ. ಆಗ ರನ್‌ಅಪ್ ತಪ್ಪುವುದು, ಲೈನ್ ಕೆಡುವುದು ಸಹಜ, ಅದಕ್ಕೆ ಬೈಯಬೇಡಿ. ಚೆಂಡನ್ನೂ ನೋಡಿ, ದೊಡ್ಡವರ ಭಾರದ ಚೆಂಡು ಬೇಡ: 13ರೊಳಗಿನವರದ್ದು 133–144 ಗ್ರಾಂ, ದೊಡ್ಡವರದ್ದು 156–163. ಇನ್ನು ನಿದ್ದೆ, 9 ಗಂಟೆಗೆ ಕಡಿಮೆಯಾಗಬಾರದು. ಬೆಳಗಿನ ಕೋಚಿಂಗ್ ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ.

ಮ್ಯಾಚ್ ದಿನ ಬೌಂಡರಿ ಹೊರಗಿನಿಂದ "ಯಾರ್ಕರ್ ಹಾಕೋ" ಎಂದು ಕೂಗಬೇಡಿ. ಹುಡುಗ ರನ್‌ಅಪ್‌ಗೆ ಮುಂಚೆ ನಿಮ್ಮತ್ತ ತಿರುಗಿ ನೋಡಲು ಶುರುಮಾಡಿದರೆ ಗಮನ ಚೆಂಡಿನ ಮೇಲಿಲ್ಲ ಎಂದೇ ಅರ್ಥ. ಆಟದ ಮಾತು ಅವನೇ ಎತ್ತಿದಾಗ ಆಡಿ.

ಹೆಚ್ಚು ಪೆಟ್ಟು ಬೀಳುವುದು ಲೆಕ್ಕ ದಿಢೀರನೆ ಏರಿದಾಗ. ಪರೀಕ್ಷೆಗೆಂದು ಮಾರ್ಚ್‌ನಲ್ಲಿ ಆಟ ಪೂರ್ತಿ ನಿಲ್ಲಿಸಿ, ಏಪ್ರಿಲ್‌ನಲ್ಲಿ ದಿನಕ್ಕೆರಡು ಹೊತ್ತು ಸಮ್ಮರ್ ಕ್ಯಾಂಪ್‌ಗೆ ಕಳಿಸುವುದು ನಮ್ಮಲ್ಲಿ ಮಾಮೂಲು. ಅದರ ಬದಲು ಮಾರ್ಚ್‌ನಲ್ಲೂ ವಾರಕ್ಕೆರಡು ದಿನ ಮೂರು ಮೂರು ಓವರ್ ಹಾಕಿಸಿ. ಏಪ್ರಿಲ್‌ನಲ್ಲಿ ಹಳೆಯ ಲೆಕ್ಕದ ಅರ್ಧದಿಂದ ಹಿಡಿದು ನಾಲ್ಕು ವಾರದಲ್ಲಿ ಮೇಲಕ್ಕೆ ತನ್ನಿ. ಆಯ್ಕೆಯ ಹಿಂದಿನ ವಾರವೂ ಅಷ್ಟೆ, ಒಂದು ಓವರ್ ಕಡಿಮೆಯಾದರೂ ಸರಿ, ಹೆಚ್ಚು ಬೇಡ.