ಮೋಸಹೋದ ಮೇಲೆ ಒಬ್ಬಳೇ ವಿದೇಶಕ್ಕೆ ಹೋಗುವುದಾದರೆ ಎಲ್ಲಿಗೆ?

ಗಂಡನೇ ಮೋಸ ಮಾಡಿದ್ದಾನೆ, ದೇವರಿಗೆ ಕೈಮುಗಿಯಲೂ ಮನಸ್ಸು ಬರುತ್ತಿಲ್ಲ, ಒಬ್ಬಳೇ ಹೊರದೇಶಕ್ಕೆ ಹೋಗಿಬಂದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಊರು ನೋಡುವ ಪ್ರವಾಸ ಮಾತ್ರ ಬೇಡ. ಸಂಜೆ ರೂಮಿನ ಬಾಗಿಲು ಹಾಕಿದೊಡನೆ ಬಿಟ್ಟುಬಂದದ್ದೆಲ್ಲ ಎದುರು ಬಂದು ಕೂರುತ್ತದೆ. ಕಾಲಿಗೆ ದಿನವಿಡೀ ಕೆಲಸ ಇರುವ ಕಡೆ ಹೋಗಿ.

ನಾನು ಹೇಳುವ ಜಾಗ ಜಪಾನಿನ ಶಿಕೋಕು ದ್ವೀಪ. ಕೂಕಾಯ್ (774–835) ಎಂಬ ಬೌದ್ಧ ಸನ್ಯಾಸಿಯ ನೆನಪಿನಲ್ಲಿ 88 ದೇವಸ್ಥಾನ ಸುತ್ತುವ ಯಾತ್ರೆ, ಸುಮಾರು 1,200 ಕಿ.ಮೀ. ನಿಮಗೆ ನಂಬಿಕೆ ಇದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಮೊದಲ ಸಲಕ್ಕೆ 1ರಿಂದ 17 ಸಾಕು, ಐದು ದಿನದ ನಡಿಗೆ. ಬಾಂದೋ ಸ್ಟೇಷನ್ನಿನಲ್ಲಿ ಇಳಿದರೆ ಒಂದನೆಯದಾದ ರ್‍ಯೋಜೆನ್‌ಜಿ ಹತ್ತಿರವೇ. ಬಿಳಿ ಅಂಗಿ, ಊರುಗೋಲು, ಮುದ್ರೆ ಹಾಕಿಸುವ ಪುಸ್ತಕ, ಹೆಸರು ಬರೆಯುವ ಬಿಳಿ ಚೀಟಿ ಎಲ್ಲ ಅಲ್ಲೇ ಸಿಗುತ್ತವೆ.

ಎಡವುವುದು ಮೊದಲ ದಿನವೇ. ದಾರಿ ಸಮತಟ್ಟು, ದೇವಸ್ಥಾನಗಳು ಹತ್ತಿರ ಹತ್ತಿರ, ಹುಮ್ಮಸ್ಸಿನಲ್ಲಿ 30 ಕಿ.ಮೀ. ನಡೆದು ಪಾದದಲ್ಲಿ ಬೊಕ್ಕೆ ಎಬ್ಬಿಸಿಕೊಳ್ಳುತ್ತಾರೆ. 15–18 ಕಿ.ಮೀ.ಗೆ ನಿಲ್ಲಿಸಿ. 11ನೆಯ ದೇವಸ್ಥಾನದಿಂದ 12ನೆಯದಕ್ಕೆ ಹೋಗುವ 13 ಕಿ.ಮೀ. ಬೆಟ್ಟದ ದಾರಿಗೆ ಆರರಿಂದ ಎಂಟು ಗಂಟೆ ಬೇಕು, ನಡುವೆ ಅಂಗಡಿಯಿಲ್ಲ. ಎರಡು ಲೀಟರ್ ನೀರು, ಬುತ್ತಿ ಹೊತ್ತು ಬೆಳಿಗ್ಗೆ ಬೇಗ ಹೊರಡಿ. ಹೆಗಲ ಚೀಲ ಆರು ಕೆ.ಜಿ. ದಾಟದಿರಲಿ. ದೇವಸ್ಥಾನಗಳಲ್ಲಿ ಪುಸ್ತಕಕ್ಕೆ ಮುದ್ರೆ ಹಾಕುವ ಕಚೇರಿ ಸಂಜೆ 5ಕ್ಕೆ ಮುಚ್ಚುತ್ತದೆ. ನಗದು ಯೆನ್ ಇಟ್ಟುಕೊಳ್ಳಿ. ಸಸ್ಯಾಹಾರಿಯಾದರೆ ತಂಗುವ ಮನೆಗೆ ಮುಂಚೆಯೇ ತಿಳಿಸಿ, ಸಾರಿನಲ್ಲೂ ಮೀನಿನ ರಸ ಇರುತ್ತದೆ. ಏಪ್ರಿಲ್, ಮೇ ಅಥವಾ ನವೆಂಬರ್ ಹಿತ.

ನಿಮಗೆ ಮುಖ್ಯವಾದದ್ದು ಒಸೆತ್ತಾಯ್, ಅಂದರೆ ಯಾತ್ರಿಕರಿಗೆ ಊರವರು ಕೊಡುವ ಕಾಣಿಕೆ. ದಾರಿಯಲ್ಲಿ ಗುರುತಿಲ್ಲದ ಅಜ್ಜಿ ಕಿತ್ತಳೆಯನ್ನೋ ನೂರು ಯೆನ್ ನಾಣ್ಯವನ್ನೋ ಕೈಗಿಡುತ್ತಾರೆ. ಬೇಡ ಎನ್ನಬಾರದು. ಯಾತ್ರಿಕರಿಗೆ ಕೊಟ್ಟದ್ದು ಕೂಕಾಯ್‌ಗೇ ಕೊಟ್ಟಂತೆ ಎಂದು ಅಲ್ಲಿನವರ ಭಾವನೆ. ನಿಮ್ಮ ಹೆಸರಿನ ಚೀಟಿ ಒಂದನ್ನು ಎರಡೂ ಕೈಯಲ್ಲಿ ಕೊಟ್ಟರೆ ಲೆಕ್ಕ ಮುಗಿಯಿತು. ಮೋಸಹೋದವರಿಗೆ ಕೊಡುವುದಕ್ಕಿಂತ ತೆಗೆದುಕೊಳ್ಳುವುದೇ ಕಷ್ಟ; ಇಲ್ಲಿ ಅದು ದಿನಾ ಸ್ವಲ್ಪಸ್ವಲ್ಪ ಅಭ್ಯಾಸವಾಗುತ್ತದೆ.

ದೇವಸ್ಥಾನದಲ್ಲಿ ಜನ ಹೃದಯಸೂತ್ರ ಎಂಬ ಬೌದ್ಧ ಪಾಠ ಹೇಳುವಾಗ ಕೊನೆಯ ಸಾಲಿಗೆ ಕಿವಿಗೊಡಿ. 'ಗ್ಯಾತೇಯಿ ಗ್ಯಾತೇಯಿ' ಎಂದು ಕೇಳಿಸುವುದು ನಮ್ಮ ಕಿವಿಗೆ ಪರಿಚಯದ ಸಂಸ್ಕೃತದ 'ಗತೇ ಗತೇ'. ಜೊತೆಗೆ ಹೇಳಬೇಕೆಂದಿಲ್ಲ, ನಿಂತು ಕೇಳಿದರೂ ಆಯಿತು. ರಾತ್ರಿ ತಂಗುವಲ್ಲಿ ನಿಮ್ಮ ಕಾಲಿಗಿಂತ ಮೊದಲು ಊರುಗೋಲಿನ ತುದಿ ತೊಳೆಯುವುದು ರೂಢಿ; ಕೋಲೇ ಜೊತೆಗಾರ ಎಂದು ಲೆಕ್ಕ.

ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ ಟಿಕೆಟ್ ಈಗಲೇ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತೇ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು. ಯಾತ್ರೆಯ ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ, ಅಲ್ಲೇ ಇರುತ್ತದೆ. ಕಂತುಕಂತಾಗಿ ಮುಗಿಸುವವರೂ ಬಹಳ. 17ಕ್ಕೆ ನಿಲ್ಲಿಸಿ ಬಂದರೆ ಪುಸ್ತಕದ 18ನೆಯ ಪುಟ ಹಾಗೇ ಖಾಲಿ ಇರುತ್ತದೆ, ಮುಂದಿನ ಸಲ ಅಲ್ಲಿಂದಲೇ ಹೊರಡಬಹುದು.